ನಿಮ್ಮ ಮೌಸ್ ಮೇಲೆ ಕೂತಿರೋ ಸಾಕ್ಷಿಗಳು: ಚರ್ಮದ ಬ್ಯಾಕ್ಟೀರಿಯಾ ಕೋರ್ಟಿನ ಬಾಗಿಲು ತಟ್ಟಿದ ಕಥೆ

1/9
ಕೈಯಲ್ಲಿರೋ ಫೋನನ್ನ ಒಂದ್ಸಲ ಓರೆ ಮಾಡಿ ಬೆಳಕಿಗೆ ಹಿಡೀರಿ. ಬೆರಳಿನ ಜಿಡ್ಡು ಕಾಣುತ್ತೆ ಅಲ್ವಾ? ಆ ಜಿಡ್ಡಿನ ಜೊತೆ ಕಣ್ಣಿಗೆ ಕಾಣದೇ ಇಳಿದು ಕೂತಿರೋದು ನಿಮ್ಮ ಚರ್ಮದ ಬ್ಯಾಕ್ಟೀರಿಯಾ. ನಿಮ್ಮ ಪಕ್ಕ ಕೂತವರ ಫೋನ್ ಮೇಲೂ ಇವೆ, ಆದರೆ ಅಲ್ಲಿನ ಲೆಕ್ಕ ಬೇರೆ. ಆ ಲೆಕ್ಕ ನೋಡಿ "ಈ ಫೋನ್ ಇವರದ್ದೇ" ಅಂತ ಹೇಳಬಹುದಾ? ಹೇಳಿದರೆ ನ್ಯಾಯಾಧೀಶರು ನಂಬಬೇಕಾ?

ಮೊದಲ ಪ್ರಶ್ನೆಗೆ 2010ರಲ್ಲಿ ಅಮೆರಿಕದಿಂದ ಒಂದು ಉತ್ತರ ಬಂತು. ಎರಡನೇದಕ್ಕೆ ಉತ್ತರ ಹುಡುಕೋಕೆ ನಾವು 1898ರ ಬಂಗಾಳದ ಒಂದು ಟೀ ತೋಟಕ್ಕೂ ಹೋಗಿ ಬರಬೇಕು.

ಹಿಸ್ಟರಿ ಸೀರೀಸ್‌ನಲ್ಲಿ ಇದೇನಪ್ಪಾ ಬಯಾಲಜಿ ಅಂತ ಗಾಬರಿ ಆಗ್ಬೇಡಿ. ನಾನು ಬಿಕಾಂ, ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಮುಗೀತು. ಆದರೆ ಆಡಿಟಿಂಗ್ ಪೇಪರಿನ ಒಂದು ಮಾತು ತಲೇಲಿ ಕೂತುಬಿಟ್ಟಿದೆ: ಎಂಟ್ರಿ ಇದ್ದರೆ ಸಾಲದು, ಅದಕ್ಕೆ ವೋಚರ್ ಬೇಕು. ಅಪರಾಧದ ತನಿಖೆಯೂ ಅಷ್ಟೇ. ವಸ್ತು ಮೇಲೆ ಉಳಿದ ಒಂದು ಗುರುತು ವೋಚರ್ ಆಗೋದು ಯಾವಾಗ, ಬರೀ ಗುರುತಾಗಿ ಉಳಿಯೋದು ಯಾವಾಗ? ಈ ಸಲದ ವಿಷಯ ಅದು.

2/9
ಕೊಲರಾಡೋ ವಿಶ್ವವಿದ್ಯಾಲಯ, ಬೌಲ್ಡರ್. ಪರೀಕ್ಷೆ ಬರೆದು ಮುಗಿಸಿದ 51 ವಿದ್ಯಾರ್ಥಿಗಳ ಎರಡೂ ಅಂಗೈಗಳನ್ನ ಹತ್ತಿ ಸುತ್ತಿದ ಕಡ್ಡಿಯಿಂದ ಸವರಿ ಸ್ಯಾಂಪಲ್ ತಗೊಂಡ್ರು. ಒಟ್ಟು 102 ಕೈ. ನೋವಾ ಫಿಯರರ್, ರಾಬ್ ನೈಟ್ ಮತ್ತು ಜೊತೆಗಾರರು ಇದರ ಫಲಿತಾಂಶವನ್ನ 2008ರಲ್ಲಿ ಪ್ರಕಟಿಸಿದರು.

ಹಳೇ ಪದ್ಧತಿ ಆಗಿದ್ದರೆ ಲ್ಯಾಬಿನ ತಟ್ಟೆಯಲ್ಲಿ ಆಹಾರ ಇಟ್ಟು ಬ್ಯಾಕ್ಟೀರಿಯಾ ಬೆಳೆಸಬೇಕಿತ್ತು. ಹಾಗೆ ಬೆಳೆಯೋವು ಕೆಲವು ಮಾತ್ರ, ಉಳಿದವು ಲೆಕ್ಕಕ್ಕೇ ಸಿಗಲ್ಲ. ಇವರು ಬೆಳೆಸೋ ಗೋಜಿಗೇ ಹೋಗಲಿಲ್ಲ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ 16ಎಸ್ ಅನ್ನೋ ಒಂದು ಜೀನ್ ಇರುತ್ತೆ. ಅದರ ಕೆಲವು ಭಾಗ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ, ಕೆಲವು ಭಾಗ ಬಗೆಯಿಂದ ಬಗೆಗೆ ಬದಲಾಗುತ್ತೆ. ಅಂಗಡಿ ಬೋರ್ಡ್ ಇದ್ದ ಹಾಗೆ ಅಂದ್ಕೊಳ್ಳಿ. ಒಳಗೆ ಹೋಗದೇ ಬೋರ್ಡ್ ಓದ್ಕೊಂಡು ಹೋದರೆ ಬೀದಿಯಲ್ಲಿ ಯಾವ್ಯಾವ ಅಂಗಡಿ ಎಷ್ಟೆಷ್ಟಿವೆ ಅಂತ ಪಟ್ಟಿ ಸಿಗುತ್ತೆ.

ಪಟ್ಟಿ ನೋಡಿದರೆ ತಲೆ ತಿರುಗುತ್ತೆ. ಒಂದೊಂದು ಅಂಗೈ ಮೇಲೂ 150ಕ್ಕಿಂತ ಹೆಚ್ಚು ಬಗೆ. ಎಲ್ಲ ಕೈ ಸೇರಿ 4,742 ಬಗೆ. ಅಷ್ಟರಲ್ಲಿ 102 ಕೈಗಳಲ್ಲೂ ಸಿಕ್ಕಿದ್ದು ಬರೀ 5. ನಿಮ್ಮದೇ ಎಡಗೈಗೂ ಬಲಗೈಗೂ ಹೊಂದೋದು ಶೇ 17ರಷ್ಟು ಬಗೆಗಳು ಮಾತ್ರ. ಬೇರೆಯವರ ಕೈಗೆ ಹೋಲಿಸಿದರೆ ಶೇ 13.

ಈ 17ನ್ನೂ 13ನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಂತರ ತುಂಬಾ ಕಮ್ಮಿ. ಹಾಗಾದರೆ ಗುರುತು ಹಿಡಿಯೋದು ಹೇಗೆ? ಬರೀ "ಇದೆ, ಇಲ್ಲ" ಅಂತ ನೋಡೋದಲ್ಲ, ಯಾವುದು ಎಷ್ಟು ಪಾಲು, ಯಾವುದಕ್ಕೆ ಯಾವುದು ಹತ್ತಿರದ ಸಂಬಂಧಿ ಅನ್ನೋದನ್ನೂ ತೂಗಬೇಕು. ಎರಡು ಕಿರಾಣಿ ಅಂಗಡಿಯಲ್ಲೂ ಅಕ್ಕಿ, ಬೇಳೆ, ಸಕ್ಕರೆ ಇದ್ದೇ ಇರುತ್ತೆ. ಆದರೆ ಸ್ಟಾಕ್ ರಿಜಿಸ್ಟರ್ ತೆಗೆದು ಯಾವ ಮಾಲು ಎಷ್ಟು ಅಂತ ನೋಡಿದರೆ ಇದು ಯಾರ ಅಂಗಡಿ ಅಂತ ಊಹಿಸಬಹುದು.

3/9
ಎರಡು ವರ್ಷ ಬಿಟ್ಟು, 2010ರ ಮಾರ್ಚ್‌ನಲ್ಲಿ, ಅದೇ ತಂಡ ಇನ್ನೊಂದು ಪ್ರಬಂಧ ಹೊರತಂತು. ಚರ್ಮದ ಬ್ಯಾಕ್ಟೀರಿಯಾದಿಂದ ವ್ಯಕ್ತಿಯ ಗುರುತು, ಅದೂ ಫೊರೆನ್ಸಿಕ್ ಕೆಲಸಕ್ಕೆ. ಅದರಲ್ಲಿ ಮೂರು ಪ್ರಯೋಗ.

ಮೊದಲನೇದು ಕೀಬೋರ್ಡ್. ಮೂವರ ಸ್ವಂತ ಕೀಬೋರ್ಡ್‌ಗಳ ಒಂದೊಂದು ಕೀಯನ್ನೂ ಬೇರೆ ಬೇರೆ ಸವರಿದರು, ಒಂದು ಕೀಬೋರ್ಡಿಗೆ 25ರಿಂದ 30 ಕೀ. ಆಮೇಲೆ ಅವರವರ ಬೆರಳ ತುದಿಗಳನ್ನ ಸವರಿದರು. ಕೀಗಳ ಮೇಲಿನ ಪಟ್ಟಿ ತನ್ನ ಒಡೆಯನ ಬೆರಳಿನ ಪಟ್ಟಿಯ ಹತ್ತಿರವೇ ಬಂದು ಕೂತಿತು, ಮೂರೂ ಗುಂಪು ಬೇರೆ ಬೇರೆ.

ಎರಡನೇದು ಕಾಲದ ಪರೀಕ್ಷೆ. ಸ್ಯಾಂಪಲನ್ನ ಫ್ರೀಜರ್‌ನಲ್ಲಿಡದೇ ಮಾಮೂಲಿ ರೂಮಿನ ಶಾಖದಲ್ಲೇ ಎರಡು ವಾರ ಬಿಟ್ಟರೂ ಗುರುತು ಅಷ್ಟಾಗಿ ಕೆಡಲಿಲ್ಲ. ಪೊಲೀಸರ ದೃಷ್ಟಿಯಿಂದ ನನಗೆ ಇದೇ ದೊಡ್ಡದು ಅನ್ಸುತ್ತೆ, ಯಾಕಂದ್ರೆ ಕಳ್ಳ ಹೋದ ತಕ್ಷಣ ಯಾರೂ ಹತ್ತಿ ಕಡ್ಡಿ ಹಿಡ್ಕೊಂಡು ಬರಲ್ಲ.

ಮೂರನೇದು ಮೌಸ್. 12 ಗಂಟೆಗೂ ಹೆಚ್ಚು ಹೊತ್ತು ಯಾರೂ ಮುಟ್ಟದ 9 ಮೌಸ್ ತಗೊಂಡ್ರು. ಒಂದೊಂದನ್ನೂ ಅದರ ಒಡೆಯನ ಅಂಗೈ ಜೊತೆಗೂ, ಆ ಮೌಸನ್ನ ಯಾವತ್ತೂ ಮುಟ್ಟಿರದ 270 ಅಂಗೈಗಳ ಜೊತೆಗೂ ಹೋಲಿಸಿದರು. ಒಂಬತ್ತರಲ್ಲಿ ಒಂಬತ್ತೂ ಒಡೆಯನ ಕಡೆಗೇ ವಾಲಿದವು.

ಆಸೆ ಹುಟ್ಟೋದು ಸಹಜ. ಬಟ್ಟೆ ಮೇಲೋ, ಒರಟು ವಸ್ತು ಮೇಲೋ ಸರಿಯಾದ ಬೆರಳಚ್ಚು ಸಿಗಲ್ಲ. ರಕ್ತವೂ ಇಲ್ಲ ಅಂದ್ರೆ ಮನುಷ್ಯನ ಡಿಎನ್‌ಎ ಸಾಕಷ್ಟು ಸಿಗೋದು ಕಷ್ಟ. ಅಂಥ ಕಡೆ ಬ್ಯಾಕ್ಟೀರಿಯಾ ಧಾರಾಳ. ಅಷ್ಟೇ ಅಲ್ಲ, ಒಂದೇ ಥರದ ಡಿಎನ್‌ಎ ಇರೋ ಅವಳಿಗಳ ಕೈ ಮೇಲೂ ಬ್ಯಾಕ್ಟೀರಿಯಾ ಬೇರೆ ಬೇರೆ ಇರುತ್ತೆ. ಹಳೇ ಸಿನಿಮಾಗಳ ಡಬಲ್ ಆ್ಯಕ್ಟಿಂಗ್ ಕಥೆಗಳೆಲ್ಲ ಅರ್ಧ ಗಂಟೆಗೇ ಮುಗಿದುಹೋಗ್ತಿದ್ವು.

4/9
ಇದು "ಸಿಎಸ್‌ಐ: ಮಯಾಮಿ" ಧಾರಾವಾಹಿಯಲ್ಲೂ ಬಂತು. ಟಿವಿಯಲ್ಲೇ ಬಂದ ಮೇಲೆ ನಿಜ ಇರಲೇಬೇಕು ಅಂತ ರಾಬ್ ನೈಟ್ ಅವರೇ ತಮ್ಮ ಟೆಡ್ ಭಾಷಣದಲ್ಲಿ ತಮಾಷೆ ಮಾಡಿದ್ದಾರೆ. ತಮಾಷೆಯೇನೋ ಸರಿ, ಆದರೆ ಲೆಕ್ಕ ನೋಡೋಣ ಬನ್ನಿ.

ಆಗ ಫಿಯರರ್ ಕೊಟ್ಟ ನಿಖರತೆಯ ಅಂದಾಜು ಶೇ 70ರಿಂದ 90. ಮುಂದೆ ಇನ್ನೂ ಏರಬಹುದು ಅಂತಲೂ ಹೇಳಿದ್ರು. ನಮ್ಮ ಇಂಟರ್ನಲ್ಸ್‌ಗೆ ಶೇ 90 ಬಂದರೆ ಮನೇಲಿ ಪಾಯಸ. ಕ್ರಿಮಿನಲ್ ಕೋರ್ಟಿನಲ್ಲಿ ಶೇ 90 ಅಂದರೆ ಹತ್ತು ಜನರಲ್ಲಿ ಒಬ್ಬರ ವಿಷಯದಲ್ಲಿ ತಪ್ಪು. ಆ ಒಬ್ಬರು ನಿಮ್ಮ ಅಣ್ಣ ಆಗಿದ್ರೆ?

ಇನ್ನೊಂದು ಸೂಕ್ಷ್ಮ ಇದೆ. ಆ ಪ್ರಯೋಗದಲ್ಲಿ ಒಡೆಯ ಯಾರು ಅಂತ ಮೊದಲೇ ಗೊತ್ತಿತ್ತು, ಅವರ ಕೈಯ ಸ್ಯಾಂಪಲ್ ಎದುರಿಗೇ ಇತ್ತು. ನಿಜವಾದ ಕೇಸಿನಲ್ಲಿ ಮುಟ್ಟಿದವನು ನಿಮ್ಮ ಪಟ್ಟಿಯಲ್ಲೇ ಇಲ್ಲದೇ ಇರಬಹುದು. ಆಗ್ಲೂ ಹೋಲಿಕೆ ಮಾಡೋ ಕಂಪ್ಯೂಟರ್ ಸುಮ್ಮನೆ ಕೂರಲ್ಲ, ಇರೋರಲ್ಲೇ ಹೆಚ್ಚು ಹೋಲೋ ಒಬ್ಬರನ್ನ ತೋರಿಸುತ್ತೆ. ಹೆಚ್ಚು ಹೋಲೋರೇ ಮುಟ್ಟಿದವರು ಅಂತ ಹೇಳೋಕಾಗಲ್ಲ.

ಆ ಹೊತ್ತಿನ ಹಿನ್ನೆಲೆಯೂ ಗೊತ್ತಿರಲಿ. ಒಂದೇ ವರ್ಷ ಹಿಂದೆ, 2009ರಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಫೊರೆನ್ಸಿಕ್ ಲೋಕಕ್ಕೇ ಬಿಸಿ ಮುಟ್ಟಿಸಿತ್ತು. ಒಂದು ಸಾಕ್ಷ್ಯವನ್ನ ಒಬ್ಬ ನಿರ್ದಿಷ್ಟ ವ್ಯಕ್ತಿಗೇ ಖಚಿತವಾಗಿ ಜೋಡಿಸೋ ಶಕ್ತಿ ತನಗಿದೆ ಅಂತ ಗಟ್ಟಿಯಾಗಿ ಸಾಬೀತು ಮಾಡಿರೋದು ಡಿಎನ್‌ಎ ಪರೀಕ್ಷೆ ಒಂದೇ ಅನ್ನೋದು ಅದರ ತಾತ್ಪರ್ಯ. ಬೆರಳಚ್ಚಿಗೂ ವಿನಾಯಿತಿ ಕೊಡಲಿಲ್ಲ. 2004ರಲ್ಲಿ ಮ್ಯಾಡ್ರಿಡ್ ರೈಲು ಸ್ಫೋಟದ ಕೇಸಿನಲ್ಲಿ ಎಫ್‌ಬಿಐ ಒರೆಗಾನ್‌ನ ಒಬ್ಬ ವಕೀಲರನ್ನ ಬೆರಳಚ್ಚು ಹೊಂದುತ್ತೆ ಅಂತ ಹಿಡಿದು, ಆಮೇಲೆ ಅದು ಬೇರೆಯವರದ್ದು ಅಂತ ಗೊತ್ತಾಗಿ ಕ್ಷಮೆ ಕೇಳಿ, 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತ್ತು.

5/9
ಬೆರಳಚ್ಚಿನ ಮಾತು ಬಂತಲ್ಲ, ಅದು ಕೋರ್ಟಿಗೆ ಹೋದ ದಾರಿಯನ್ನ ಸ್ವಲ್ಪ ನಿಧಾನವಾಗಿ ನೋಡೋಣ. ಆ ದಾರಿ ಶುರುವಾಗಿದ್ದು ನಮ್ಮ ದೇಶದಲ್ಲೇ, ಅದೂ ಒಂದು ಕಾಂಟ್ರ್ಯಾಕ್ಟ್‌ನಿಂದ. ಬಿಸಿನೆಸ್ ಲಾ ಓದ್ತಿರೋರು ಕಿವಿ ಅಗಲ ಮಾಡಿ.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಹಾಕೋ ಸಾಮಗ್ರಿ ಪೂರೈಸೋಕೆ ರಾಜ್ಯಧರ ಕೋನಾಯಿ ಅನ್ನೋರ ಜೊತೆ ಕರಾರು ಮಾಡ್ಕೊಂಡ್ರು. ನಾಳೆ "ಇದು ನನ್ನ ಸಹಿ ಅಲ್ಲ" ಅನ್ನಬಾರದು ಅಂತ ಕಾಗದದ ಹಿಂದೆ ಅವರ ಇಡೀ ಅಂಗೈಯ ಅಚ್ಚು ಒತ್ತಿಸಿದರು. ಅದರಲ್ಲಿ ವಿಜ್ಞಾನ ಏನೂ ಇರಲಿಲ್ಲ, ಹೆದರಿಸೋ ಉಪಾಯ ಅಷ್ಟೇ. ಗೆರೆಗಳು ವರ್ಷಗಳಾದರೂ ಬದಲಾಗಲ್ಲ ಅಂತ ಅವರಿಗೆ ಗೊತ್ತಾಗಿದ್ದು ಆಮೇಲೆ, ಮತ್ತೆ ಮತ್ತೆ ಅಚ್ಚು ತೆಗೆದು ನೋಡಿದ ಮೇಲೆ.

1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಬಂತು. ಸಾವಿರಾರು ಅಚ್ಚುಗಳನ್ನ 1,024 ಗೂಡುಗಳಿಗೆ ಹಂಚಿ, ಬೇಕಾದ್ದನ್ನ ಥಟ್ಟನೆ ಹುಡುಕೋ ವರ್ಗೀಕರಣದ ಹಿಂದೆ ದುಡಿದೋರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಬಂದಿದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ, ಇವತ್ತಿಗೂ ಅದು "ಹೆನ್ರಿ ಪದ್ಧತಿ". ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ಈ ನೋವು ವಿವರಿಸಬೇಕಾಗಿಲ್ಲ.

ಅದೇ ಸಮಯಕ್ಕೆ ಜಲ್ಪೈಗುರಿಯ ಒಂದು ಟೀ ತೋಟದ ಮ್ಯಾನೇಜರ್ ಕೊಲೆಯಾದರು. ಕತ್ತು ಕುಯ್ದಿತ್ತು, ಪೆಟ್ಟಿಗೆ ಒಡೆದು ದುಡ್ಡು ಹೊಡೆದಿದ್ದರು. ಅನುಮಾನ ಹಲವರ ಮೇಲೆ ಹೋಯ್ತು, ಬಟ್ಟೆ ಮೇಲೆ ರಕ್ತದ ಕಲೆ ಇದ್ದ ಅಡುಗೆಯವನ ಮೇಲೂ. ಕಾಗದಗಳ ಮಧ್ಯೆ ಒಂದು ಬಂಗಾಳಿ ಪಂಚಾಂಗ ಸಿಕ್ಕಿತು, ಅದರ ಮೇಲೆ ಕಂದು ಬಣ್ಣದ ಹೆಬ್ಬೆರಳ ಗುರುತು. ಬ್ಯೂರೋದಲ್ಲಿ ಹುಡುಕಿದರೆ ಅದು ಹಳೇ ಆಳು ಕಂಗಾಲಿ ಚರಣ್‌ದು. ಹಿಂದೆ ಕಳ್ಳತನದಲ್ಲಿ ಶಿಕ್ಷೆ ಆಗಿದ್ದರಿಂದ ಅವನ ಅಚ್ಚು ದಾಖಲೆಯಲ್ಲಿತ್ತು. ಕಂದು ಕಲೆ ರಕ್ತವೇ ಅಂತ ಸರ್ಕಾರಿ ರಾಸಾಯನಿಕ ಪರೀಕ್ಷಕರೂ ಹೇಳಿದರು.

1898ರಲ್ಲಿ ತೀರ್ಪು ಬಂತು. ಕಳ್ಳತನಕ್ಕೆ ಶಿಕ್ಷೆ. ಕೊಲೆ ಆರೋಪದಿಂದ ಖುಲಾಸೆ!

6/9
ಆ ತೀರ್ಪನ್ನ ಎಷ್ಟು ಸಲ ಯೋಚಿಸಿದರೂ ನನಗೆ ಅದು ಸರಿ ಅಂತಲೇ ಅನ್ಸುತ್ತೆ. ಪಂಚಾಂಗ ಹೇಳಿದ್ದು ಒಂದೇ: ಈ ಹೆಬ್ಬೆರಳು ಈ ಕಾಗದವನ್ನ ಮುಟ್ಟಿದೆ. ಕತ್ತಿ ಹಿಡಿದದ್ದು ಯಾರು ಅಂತ ಅದು ಹೇಳಲಿಲ್ಲ. ಹೇಳದೇ ಇರೋದನ್ನ ಅದರ ಬಾಯಿಂದ ಕೋರ್ಟ್ ಹೇಳಿಸಲೂ ಇಲ್ಲ. ಮರುವರ್ಷವೇ, 1899ರಲ್ಲಿ, ಎವಿಡೆನ್ಸ್ ಆ್ಯಕ್ಟ್‌ನ ಸೆಕ್ಷನ್ 45ಕ್ಕೆ ತಿದ್ದುಪಡಿ ಬಂದು, ಬೆರಳಚ್ಚಿನ ಬಗ್ಗೆ ಪರಿಣತರ ಅಭಿಪ್ರಾಯವನ್ನ ಕೋರ್ಟ್ ಪರಿಗಣಿಸಬಹುದು ಅಂತಾಯ್ತು. ಕರಾರಿನ ಅಂಗೈಯಿಂದ ಕಾನೂನಿನ ಪುಸ್ತಕಕ್ಕೆ ಬರೋಕೆ 41 ವರ್ಷ.

ಈಗ ಬ್ಯಾಕ್ಟೀರಿಯಾಗೆ ವಾಪಸ್ ಬರೋಣ. ಬೆರಳಿನ ಗೆರೆ ಬದಲಾಗಲ್ಲ, ಆದ್ದರಿಂದಲೇ ಹಳೇ ದಾಖಲೆಯಿಂದ ಆ ಆಳು ಸಿಕ್ಕಿಬಿದ್ದ. ಚರ್ಮದ ಬ್ಯಾಕ್ಟೀರಿಯಾ ಹಾಗಿಲ್ಲ. ಯಾವ ಕೈಯಿಂದ ಹೆಚ್ಚು ಕೆಲಸ ಮಾಡ್ತೀರಿ, ಕೈ ತೊಳೆದು ಎಷ್ಟು ಹೊತ್ತಾಯ್ತು ಅನ್ನೋದರ ಮೇಲೂ ಪಟ್ಟಿ ಬದಲಾಗುತ್ತೆ ಅಂತ 2008ರ ಅಧ್ಯಯನವೇ ತೋರಿಸಿತ್ತು.

2015ರಲ್ಲಿ ಹಾರ್ವರ್ಡ್‌ನ ಎರಿಕ್ ಫ್ರಾನ್ಸೋಸಾ, ಕರ್ಟಿಸ್ ಹಟನ್‌ಹವರ್ ಮುಂತಾದವರು ಇದನ್ನ ನೇರವಾಗಿ ಅಳೆದರು. ಒಬ್ಬರಿಂದ ಒಮ್ಮೆ ತಗೊಂಡ ಸ್ಯಾಂಪಲ್ ಇಟ್ಕೊಂಡು ತಿಂಗಳುಗಳ ನಂತರ, ಒಂದು ವರ್ಷದವರೆಗೆ, ಅದೇ ಜನರನ್ನ ಗುಂಪಿನಲ್ಲಿ ಹುಡುಕೋದು. ಕರುಳಿನ ಬ್ಯಾಕ್ಟೀರಿಯಾದಿಂದ ಶೇ 80ಕ್ಕೂ ಹೆಚ್ಚು ಜನ ಸಿಕ್ಕರು. ಚರ್ಮದಿಂದ ಸುಮಾರು ಮೂರರಲ್ಲಿ ಒಬ್ಬರು. ಕಳ್ಳ ಕೀಬೋರ್ಡ್ ಮೇಲೆ ಕರುಳು ಬಿಟ್ಟು ಹೋಗಲ್ಲವಲ್ಲ! ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ ಬೆರಳಚ್ಚು ಪ್ಯಾನ್ ನಂಬರ್ ಇದ್ದ ಹಾಗೆ, ಚರ್ಮದ ಬ್ಯಾಕ್ಟೀರಿಯಾ ಆ ದಿನದ ಕ್ಲೋಸಿಂಗ್ ಸ್ಟಾಕ್.

7/9
ಇನ್ನು ಒಟ್ಟಿಗೆ ಇರೋರ ಕಥೆ. 2014ರಲ್ಲಿ ಜ್ಯಾಕ್ ಗಿಲ್ಬರ್ಟ್ ತಂಡ ಅಮೆರಿಕದ 7 ಕುಟುಂಬಗಳನ್ನ ಆರು ವಾರ ಹಿಂಬಾಲಿಸಿತು: 18 ಜನ, 3 ನಾಯಿ, 1 ಬೆಕ್ಕು. ಕೈ, ಕಾಲು, ಮೂಗು, ಬಾಗಿಲ ಹಿಡಿ, ಲೈಟ್ ಸ್ವಿಚ್, ನೆಲ, ಎಲ್ಲ ಸವರಿದರು. ಮಧ್ಯದಲ್ಲಿ ಮೂರು ಕುಟುಂಬ ಮನೆ ಬದಲಾಯಿಸಿದವು. ಒಂದು ದಿನ ಕಳೆಯೋದರೊಳಗೆ ಹೊಸ ಮನೆಯ ಪಟ್ಟಿ ಹಳೇ ಮನೆಯದ್ದರ ಥರಾನೇ ಆಗಿತ್ತು. ನಮ್ಮಲ್ಲಿ ಹಾಲು ಉಕ್ಕಿಸೋ ಹೊತ್ತಿಗೆ ಬ್ಯಾಕ್ಟೀರಿಯಾಗಳ ಗೃಹಪ್ರವೇಶ ಮುಗಿದಿರುತ್ತೆ ಅನ್ನಿ.

ಯಾರಾದರೂ ಕೆಲವು ದಿನ ಊರಿಗೆ ಹೋದರೆ ಆ ಮನೆಯಲ್ಲಿ ಅವರ ಪಾಲು ಕಮ್ಮಿ ಆಗ್ತಿತ್ತು. ತನಿಖೆಗೆ ಇದು ನಿಜಕ್ಕೂ ಉಪಯೋಗ, "ಇವರು ಇತ್ತೀಚೆಗೆ ಇಲ್ಲಿದ್ರಾ" ಅನ್ನೋ ಪ್ರಶ್ನೆಗೆ ಬೆರಳಚ್ಚು ಉತ್ತರ ಕೊಡಲ್ಲ. ಆದರೆ ಒಂದೇ ಮನೆಯವರ ಕೈಗಳು ಒಂದಕ್ಕೊಂದು ಹೋಲುತ್ತವೆ, ಗಂಡ ಹೆಂಡತಿ ಮತ್ತು ಚಿಕ್ಕ ಮಕ್ಕಳ ಮಧ್ಯೆ ಹಂಚಿಕೆ ಇನ್ನೂ ಹೆಚ್ಚು. ಪಿಜಿಯಲ್ಲಿ ಒಂದೇ ಚಾರ್ಜರ್, ಒಂದೇ ಬಕೆಟ್, ಒಂದೇ ಇಸ್ತ್ರಿ ಪೆಟ್ಟಿಗೆಯಲ್ಲಿ ಬದುಕ್ತಿರೋ ನಮ್ಮಂಥೋರ ಗತಿ ಯೋಚಿಸಿ. ರೂಮ್‌ಮೇಟ್ ಮಾಡಿದ್ದು ನಿಮ್ಮ ಲೆಕ್ಕಕ್ಕೆ ಬಿದ್ದರೆ?

ಫೋನ್ ವಿಷಯವೂ ಇದೇ. 2014ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದವರು 17 ಜನರ ಬೆರಳನ್ನೂ ಫೋನನ್ನೂ ಹೋಲಿಸಿದರು. ಬೆರಳ ಮೇಲಿನ ಬಗೆಗಳಲ್ಲಿ ಶೇ 22 ತಮ್ಮ ಫೋನ್ ಮೇಲಿದ್ದವು, ಬೇರೆಯವರ ಫೋನ್ ಮೇಲೆ ಶೇ 17. ಹೆಚ್ಚಿನ ಪ್ರಮಾಣದಲ್ಲಿರೋ ಬಗೆಗಳನ್ನ ಮಾತ್ರ ಲೆಕ್ಕಕ್ಕೆ ತಗೊಂಡರೆ, ಬೆರಳಿಗೂ ಅದೇ ವ್ಯಕ್ತಿಯ ಫೋನಿಗೂ ಹೊಂದಾಣಿಕೆ ಶೇ 82. ಯಾವುದನ್ನ ಎಣಿಸ್ತೀರಿ ಅನ್ನೋದರ ಮೇಲೆ ಒಂದೇ ಫೋನಿಗೆ 22 ಅಂತಲೂ ಬರುತ್ತೆ, 82 ಅಂತಲೂ ಬರುತ್ತೆ. ಎರಡೂ ಸುಳ್ಳಲ್ಲ. ಕೋರ್ಟಿನಲ್ಲಿ ಪ್ರಾಸಿಕ್ಯೂಷನ್ ಯಾವ ಅಂಕಿ ಓದುತ್ತೆ ಅಂತ ನಾನು ಹೇಳಬೇಕಾ?

8/9
ಬ್ಯಾಕ್ಟೀರಿಯಾ ತನಿಖೆಯ ಮಧ್ಯಕ್ಕೆ ಬಂದಿದ್ದು ಇದೇ ಮೊದಲೇನಲ್ಲ. 2001ರಲ್ಲಿ ಅಮೆರಿಕದಲ್ಲಿ ಆಂಥ್ರಾಕ್ಸ್ ಪುಡಿ ತುಂಬಿದ ಪತ್ರಗಳು ಅಂಚೆಯಲ್ಲಿ ಬಂದು 5 ಜನ ಸತ್ತರು, 17 ಜನ ಕಾಯಿಲೆ ಬಿದ್ದರು. ಆ ಬ್ಯಾಕ್ಟೀರಿಯಾದ ಜೀನ್ ಓದಿ, ಸೇನೆಯ ಒಂದು ಲ್ಯಾಬಿನ ಒಂದು ಫ್ಲಾಸ್ಕ್‌ವರೆಗೆ ಎಫ್‌ಬಿಐ ಜಾಡು ಹಿಡಿಯಿತು. ಶಂಕಿತ ವಿಜ್ಞಾನಿ ಆರೋಪಪಟ್ಟಿಗೂ ಮೊದಲೇ 2008ರಲ್ಲಿ ತೀರಿಕೊಂಡರು. 2010ರ ಫೆಬ್ರವರಿಯಲ್ಲಿ ಕೇಸ್ ಮುಚ್ಚಿದರು, ಮೌಸ್ ಪ್ರಬಂಧಕ್ಕೆ ಒಂದು ತಿಂಗಳು ಮೊದಲು. 2011ರಲ್ಲಿ ಸ್ವತಂತ್ರ ವಿಜ್ಞಾನಿಗಳ ಸಮಿತಿ ಎಲ್ಲ ಪರಿಶೀಲಿಸಿ, ವಿಜ್ಞಾನದ ಸಾಕ್ಷ್ಯ ಒಂದರಿಂದಲೇ ಆ ಪುಡಿಯ ಮೂಲ ಇದೇ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂತ ಬರೆಯಿತು. ಒಂದೇ ಒಂದು ಜಾತಿಯ ಬ್ಯಾಕ್ಟೀರಿಯಾ, ದೇಶದ ಅತಿ ದೊಡ್ಡ ತನಿಖೆಗಳಲ್ಲಿ ಒಂದು, ಆದರೂ ಈ ಮಾತು. ನಮ್ಮ ಅಂಗೈ ಮೇಲೆ 150 ಬಗೆ.

ಹಾಗಂತ ಕೆಲಸ ನಿಂತಿಲ್ಲ. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಬ್ರೂಸ್ ಬುಡೋಲ್ ಅವರ ತಂಡ ಇಡೀ ಪಟ್ಟಿ ಬಿಟ್ಟು, ಚರ್ಮದಲ್ಲಿ ಬಹುತೇಕ ಎಲ್ಲರಲ್ಲೂ ಇರೋ ಕೆಲವು ಬ್ಯಾಕ್ಟೀರಿಯಾಗಳ ಒಳಭೇದಗಳನ್ನ ಮಾತ್ರ ನೋಡೋ 286 ಗುರುತುಗಳ ಒಂದು ಸೆಟ್ ಮಾಡಿದೆ. ಯಾವ್ಯಾವ ಬ್ಯಾಕ್ಟೀರಿಯಾ ಇದೆ ಅನ್ನೋದು ದಿನದಿನಕ್ಕೂ ಬದಲಾಗಬಹುದು, ಆದರೆ ನಿಮ್ಮಲ್ಲಿ ನೆಲೆಸಿರೋ ತಳಿ ಅಷ್ಟು ಬೇಗ ಬದಲಾಗಲ್ಲ ಅನ್ನೋದು ಹಿಂದಿನ ತರ್ಕ. ನನಗೆ ಇದು ಸರಿಯಾದ ದಾರಿ ಅನ್ಸುತ್ತೆ. ಆದರೆ ಮೊದಲು ಪರೀಕ್ಷಿಸಿದ್ದು ಬೆರಳೆಣಿಕೆಯಷ್ಟು ಜನರ ಮೇಲೆ.

ಡಿಎನ್‌ಎ ಜೊತೆ ಒಂದು ಹೋಲಿಕೆ ಮಾಡಿ ನೋಡಿ. 1986ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಕೊಲೆ ಕೇಸಿನಲ್ಲಿ ಅಲೆಕ್ ಜೆಫ್ರೀಸ್ ಮಾಡಿದ ಡಿಎನ್‌ಎ ಪರೀಕ್ಷೆ ಮೊದಲು ಮಾಡಿದ ಕೆಲಸ ಯಾರನ್ನೋ ಹಿಡಿದಿದ್ದಲ್ಲ, ತಪ್ಪೊಪ್ಪಿಕೊಂಡಿದ್ದ 17 ವರ್ಷದ ಹುಡುಗನನ್ನ ಬಿಡಿಸಿದ್ದು. ಡಿಎನ್‌ಎ ಹೊಂದಲಿಲ್ಲ, ಹಾಗಾಗಿ ಅವನಲ್ಲ. ಬ್ಯಾಕ್ಟೀರಿಯಾಗೆ ಈ ಶಕ್ತಿಯೂ ಇಲ್ಲ. ಹೊಂದಲಿಲ್ಲ ಅಂದರೆ ನೀವು ಮುಟ್ಟಿಲ್ಲ ಅಂತಲೂ ಆಗಬಹುದು, ಮುಟ್ಟಿ ತಿಂಗಳಾಯ್ತು ಅಂತಲೂ ಆಗಬಹುದು, ಆಮೇಲೆ ಆ್ಯಂಟಿಬಯಾಟಿಕ್ ನುಂಗಿದ್ರಿ ಅಂತಲೂ ಆಗಬಹುದು. ಹಿಡಿಯೋಕೂ ಅರ್ಧ, ಬಿಡಿಸೋಕೂ ಅರ್ಧ. ಪೊಲೀಸರಿಗೆ "ಈ ಕಡೆ ಹುಡುಕಿ" ಅಂತ ದಾರಿ ತೋರಿಸೋಕೆ ಸಾಕು. ತೀರ್ಪು ಬರೆಯೋಕೆ ಸಾಲದು.

9/9
ನಮ್ಮಲ್ಲಿ ಇದು ಬಂದರೆ ಏನಾಗಬಹುದು? 1961ರಲ್ಲೇ ಸುಪ್ರೀಂ ಕೋರ್ಟ್, ಕಾಠಿ ಕಾಲು ಕೇಸಿನಲ್ಲಿ, ಬೆರಳಚ್ಚು ಕೊಡಿಸೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿಸಿದ ಹಾಗಲ್ಲ ಅಂದಿತ್ತು. 2010ರ ಮೇ 5ರಂದು ನಮ್ಮ ರಾಜ್ಯದ ಹೆಸರಿರೋ "ಸೆಲ್ವಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ" ತೀರ್ಪು ಬಂತು. ಒಪ್ಪಿಗೆ ಇಲ್ಲದೇ ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮಾಡೋಹಾಗಿಲ್ಲ. ಮನಸ್ಸಿನೊಳಗಿನದನ್ನ ಕಕ್ಕಿಸೋದು ಬೇರೆ, ದೇಹದ ಮೇಲಿನ ಗುರುತು ತಗೊಳ್ಳೋದು ಬೇರೆ. ಬ್ಯಾಕ್ಟೀರಿಯಾ ಎರಡನೇ ಸಾಲಿಗೇ ಸೇರುತ್ತೆ ಅಂತ ನನ್ನ ಊಹೆ. ಆದರೆ ಆ ಪಟ್ಟಿ ಬೆರಳಚ್ಚಿನ ಹಾಗೆ ಮೂಗ ಅಲ್ಲ. ಮನೇಲಿ ನಾಯಿ ಇದೆಯಾ, ಯಾರ ಜೊತೆ ಇರ್ತೀರಿ ಅನ್ನೋದರ ಸುಳಿವನ್ನೂ ಅದು ಕೊಡಬಹುದು.

ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 39 ಹಳೇ 45ರ ಜಾಗದಲ್ಲಿದೆ. 1899ರ ಆ ಬೆರಳಚ್ಚಿನ ಮಾತು ಅದರಲ್ಲಿ ಇನ್ನೂ ಇದೆ, ಜೊತೆಗೆ "ಇತರ ಯಾವುದೇ ಕ್ಷೇತ್ರ"ದ ಪರಿಣತರು ಅಂತ ಹೊಸದಾಗಿ ಸೇರಿದೆ. ಬಾಗಿಲು ಅಗಲ ಆಗಿದೆ. 2022ರ ಕ್ರಿಮಿನಲ್ ಪ್ರೊಸೀಜರ್ (ಐಡೆಂಟಿಫಿಕೇಷನ್) ಆ್ಯಕ್ಟ್ ಪ್ರಕಾರ ಪೊಲೀಸರು ತಗೊಳ್ಳಬಹುದಾದ "ಅಳತೆ"ಗಳಲ್ಲಿ ಬೆರಳು, ಅಂಗೈ, ಪಾದದ ಅಚ್ಚು, ಕಣ್ಣಿನ ಸ್ಕ್ಯಾನ್ ಜೊತೆಗೆ ಜೈವಿಕ ಸ್ಯಾಂಪಲ್ ಮತ್ತು ಅದರ ವಿಶ್ಲೇಷಣೆಯೂ ಇದೆ. ಬ್ಯಾಕ್ಟೀರಿಯಾ ಅನ್ನೋ ಪದ ಅಲ್ಲಿಲ್ಲ. ಸೇರುತ್ತಾ ಇಲ್ವಾ ಅಂತ ಮೊದಲು ವಾದ ಮಾಡೋ ವಕೀಲರು ಬಹುಶಃ ಈಗ ನಮ್ಮ ವಯಸ್ಸಿನವರೇ ಇರಬೇಕು, ನಿಮ್ಮ ಲಾ ಕಾಲೇಜ್ ಫ್ರೆಂಡ್ಸ್‌ಗೆ ಇದನ್ನ ಕಳಿಸಿ.

ಅವರಿಗೆ ಒಂದು ಪಾಯಿಂಟ್ ನನ್ನ ಕಡೆಯಿಂದ. ಆ ಕಾಯ್ದೆಯಡಿ ತಗೊಂಡ ದಾಖಲೆ ಇಡೋದು 75 ವರ್ಷ. ಒಂದೇ ವರ್ಷದಲ್ಲಿ ಚರ್ಮದ ಬ್ಯಾಕ್ಟೀರಿಯಾದಿಂದ ಮತ್ತೆ ಗುರುತು ಸಿಕ್ಕಿದ್ದು ಮೂರರಲ್ಲಿ ಒಬ್ಬರದ್ದು.